ಧ್ವನಿ ಪ್ರಶ್ನೋತ್ತರ: ತಾಳಕ್ಕಿಂತ ಹಿಂದೆ ಬೀಳುವ ಹಾಡು

ಪ್ರಶ್ನೆ: ಮನೆಯಲ್ಲಿ ರೀಪರ್ ತಂತ್ರಾಂಶ ಬಳಸಿ ಭಾವಗೀತೆಗಳನ್ನು ಧ್ವನಿಮುದ್ರಿಸುತ್ತೇನೆ. ಕಲಾವಿದರು ನುಡಿಸಿ ಕಳುಹಿಸಿದ ತಬಲಾ ಟ್ರ್ಯಾಕ್ ಕೇಳುತ್ತ ಹಾಡುವಾಗ ತಾಳ ಸರಿಯಾಗಿಯೇ ಇರುತ್ತದೆ. ಮರಳಿ ಕೇಳಿದರೆ ಹಾಡು ಉದ್ದಕ್ಕೂ ತುಸು ಹಿಂದೆ ಬಿದ್ದಿರುತ್ತದೆ. ಒಂದೊಂದು ಅಕ್ಷರವನ್ನೂ ಎಳೆದು ಪರದೆಯ ಮೇಲಿನ ತಾಳದ ಗೆರೆಗಳಾದ ಗ್ರಿಡ್‌ಗೆ ಕೂಡಿಸಿದರೆ ಗಮಕಗಳು ಒಡೆಯುತ್ತವೆ. ಏನು ಮಾಡಬೇಕು?

ಉತ್ತರ: ಅಕ್ಷರಗಳನ್ನು ಮುಟ್ಟುವ ಮೊದಲು, ಈ ವಿಳಂಬ ನಿಮ್ಮ ಗಾಯನದ್ದೋ ಯಂತ್ರದ್ದೋ ಎಂಬುದನ್ನು ತೀರ್ಮಾನಿಸಿಕೊಳ್ಳಿ. ಹಾಡಿನ ಮೊದಲಲ್ಲೂ ಕೊನೆಯಲ್ಲೂ ಅಂತರ ಒಂದೇ ಸಮನಾಗಿದ್ದರೆ ಅದು ಬಹುಮಟ್ಟಿಗೆ ಯಂತ್ರದ್ದೇ. 44,100 ಹರ್ಟ್ಸ್ ಮಾದರಿ ದರದಲ್ಲಿ (ಸೆಕೆಂಡಿಗೆ 44,100 ಧ್ವನಿ ಮಾದರಿಗಳು) 512 ಮಾದರಿಗಳ ಬಫರ್ (ಧ್ವನಿಯನ್ನು ಕಂತುಗಳಲ್ಲಿ ಸಾಗಿಸುವ ತಾತ್ಕಾಲಿಕ ಸಂಗ್ರಹ) ಇಟ್ಟರೆ ಅದೊಂದೇ 11.6 ಮಿಲಿಸೆಕೆಂಡು ತಡಮಾಡುತ್ತದೆ; ಧ್ವನಿ ಒಳಬರುವಾಗಲೂ ಹೊರಹೋಗುವಾಗಲೂ ಈ ತಡ ಸೇರಿಕೊಳ್ಳುತ್ತದೆ. ಧ್ವನಿ ಉಪಕರಣವನ್ನು ಗಣಕಕ್ಕೆ ಬೆಸೆಯುವ ಡ್ರೈವರ್ ವರದಿ ಮಾಡುವ ವಿಳಂಬವನ್ನು ತಂತ್ರಾಂಶ ತಾನಾಗಿಯೇ ಕಳೆಯುತ್ತದೆಯಾದರೂ ಆ ವರದಿ ಯಾವಾಗಲೂ ನಿಖರವಾಗಿರುವುದಿಲ್ಲ. ಮೈಕನ್ನು ಗಣಕಕ್ಕೆ ಜೋಡಿಸುವ ಇಂಟರ್‌ಫೇಸಿನ ಔಟ್‌ಪುಟ್ಟನ್ನು ಒಂದು ಕೇಬಲ್ಲಿನಿಂದ ಅದರ ಇನ್‌ಪುಟ್ಟಿಗೇ ಜೋಡಿಸಿ, ಮೆಟ್ರೊನೋಮಿನ ಸದ್ದನ್ನು ನುಡಿಸಿ ಮರುಮುದ್ರಿಸಿ. ಮೂಲ ಸದ್ದಿಗೂ ಮುದ್ರಿತ ಸದ್ದಿಗೂ ನಡುವೆ ಉಳಿಯುವ ಅಂತರವನ್ನು ರೆಕಾರ್ಡಿಂಗ್ ಆದ್ಯತೆಗಳಲ್ಲಿರುವ ಮ್ಯಾನ್ಯುಯಲ್ ಆಫ್‌ಸೆಟ್‌ನಲ್ಲಿ ನಮೂದಿಸಿದರೆ ಮುಂದಿನ ಮುದ್ರಣಗಳು ತಮ್ಮ ಜಾಗದಲ್ಲೇ ಕೂರುತ್ತವೆ. ಈಗಾಗಲೇ ಮುದ್ರಿಸಿದ ಹಾಡನ್ನು ಇಡಿಯಾಗಿ ಅಷ್ಟೇ ಎಡಕ್ಕೆ ಸರಿಸಿದರೆ ಸಾಕು. ಹಾಡುವಾಗ ಬ್ಲೂಟೂತ್ ಹೆಡ್‌ಫೋನ್ ಮಾತ್ರ ಖಂಡಿತ ಬೇಡ: ಅದರಲ್ಲಿ ತಬಲೆಯೇ ನಿಮಗೆ ತಡವಾಗಿ ಕೇಳಿಸುತ್ತದೆ, ಕೇಬಲ್ ಪರೀಕ್ಷೆಯಲ್ಲಿ ಆ ತಡ ಕಾಣುವುದೂ ಇಲ್ಲ.

ಇದಾದ ಮೇಲೂ ಕೆಲವು ಸಾಲುಗಳು ತಡವೆನಿಸಿದರೆ ಆಗಷ್ಟೇ ಧ್ವನಿಯನ್ನು ಗುರುತು ಹಾಕಿ ಹಿಗ್ಗಿಸುವ, ಕುಗ್ಗಿಸುವ ಸ್ಟ್ರೆಚ್ ಮಾರ್ಕರ್‌ಗಳತ್ತ ಹೋಗಿ. ಗ್ರಿಡ್ಡನ್ನು ಮರೆಮಾಡಿ, ತಬಲೆಯ ಪೆಟ್ಟನ್ನೇ ಆಧಾರವಾಗಿಟ್ಟುಕೊಳ್ಳಿ. ಕಲಾವಿದರು ನುಡಿಸಿದ ತಬಲೆ ಗ್ರಿಡ್ಡಿನ ಗೆರೆಗಳ ಮೇಲೆ ಕರಾರುವಾಕ್ಕಾಗಿ ಬೀಳುವುದಿಲ್ಲ, ಗಾಯನ ಹೊಂದಬೇಕಾದದ್ದು ಆ ಕೈಗೆ. ಪರದೆಯ ಮೇಲಿನ ಅಲೆಯ ಆರಂಭವನ್ನೇ ಅಕ್ಷರದ ಆರಂಭವೆಂದು ಎಣಿಸಬೇಡಿ. 'ಶ್ರುತಿ', 'ಸ್ವರ' ಎಂಬ ಪದಗಳಲ್ಲಿ ಶಕಾರ, ಸಕಾರಗಳ ಸೀಟಿಯಂಥ ಸದ್ದು ಸುಮಾರು 100 ಮಿಲಿಸೆಕೆಂಡು ನಡೆಯಬಹುದು, ಆದರೆ ಕಿವಿಗೆ ತಾಳದ ಸ್ಥಾನವೆನಿಸುವುದು ಅದರ ನಂತರ ಸ್ವರಾಕ್ಷರ ತೆರೆದುಕೊಳ್ಳುವ ಕ್ಷಣ. ಸೀಟಿಯ ಸದ್ದನ್ನು ಪೆಟ್ಟಿನ ಮೇಲೆ ಇಟ್ಟರೆ ಸರಿಯಾಗಿದ್ದ ಅಕ್ಷರವೂ ತಡವಾಗುತ್ತದೆ. ಗ್ರಿಡ್‌ಗೆ ಕೂಡಿಸಿದ ಹಾಡುಗಳು ಜಡವಾಗಿ ಕೇಳಿಸಲು ಇದೂ ಒಂದು ಕಾರಣವೆಂದು ನಾನು ಬಲವಾಗಿ ನಂಬಿದ್ದೇನೆ.

ಗಮಕ ಒಡೆಯದಿರಬೇಕಾದರೆ ಹಿಗ್ಗುವ, ಕುಗ್ಗುವ ಕೆಲಸವನ್ನು ಮೌನಕ್ಕೆ ವಹಿಸಬೇಕು. ಸಾಲಿನ ಆರಂಭಕ್ಕೊಂದು, ಅಂತ್ಯಕ್ಕೊಂದು ಮಾರ್ಕರ್ ಇಟ್ಟು ಎರಡನ್ನೂ ಒಟ್ಟಿಗೆ ಸರಿಸಿದರೆ ನಡುವಿನ ಗಾಯನ ಹಾಗೆಯೇ ಉಳಿದು, ಎರಡು ಸಾಲುಗಳ ನಡುವಿನ ಉಸಿರು ಮಾತ್ರ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ. ಸಾಲಿನೊಳಗೇ ಸರಿಪಡಿಸಬೇಕಾದಾಗ ಕ, ತ, ಪಗಳಂಥ ವ್ಯಂಜನಗಳು ಸಿಡಿಯುವ ಮುನ್ನ ಬಾಯಿಯೊಳಗೆ ಗಾಳಿ ತಡೆದು ನಿಂತಿರುವ ಆ ಕಿರು ಮೌನವನ್ನು ಹುಡುಕಿ. ಅಲ್ಲಿ ಮಾಡಿದ ಬದಲಾವಣೆ ಕೇಳಿಸುವುದಿಲ್ಲ. ಕಾರ್ವೆಯನ್ನಾಗಲಿ (ಉದ್ದಕ್ಕೆ ಹಿಡಿದ ಸ್ವರ), ಅದರೊಳಗಿನ ಕಂಪನವನ್ನಾಗಲಿ ಎಳೆಯಬೇಡಿ: ಕಂಪನದ ವೇಗ ಬದಲಾದರೆ ಅದು ನೀವು ಹಾಡಿದ ಗಮಕವಾಗಿ ಉಳಿಯುವುದಿಲ್ಲ. ಸಮದ (ತಾಳದ ಆವರ್ತ ಆರಂಭವಾಗುವ ಪೆಟ್ಟಿನ) ಮೇಲೆ ಬೀಳಬೇಕಾದ ಅಕ್ಷರವನ್ನು ಮಾತ್ರ ಕಟ್ಟುನಿಟ್ಟಾಗಿ ನೋಡಿಕೊಳ್ಳಿ. ಉಳಿದ ಕಡೆ ಭಾವಕ್ಕಾಗಿ ಬೇಕೆಂದೇ ತಡೆದು ಹಾಡಿದ್ದನ್ನು ತಿದ್ದುವ ಅಗತ್ಯವಿಲ್ಲ.

ಪ್ರಶ್ನೆ: ಸ್ನೇಹಿತೆ ಬೇರೊಂದು ಉಪಕರಣದಲ್ಲಿ ಮುದ್ರಿಸಿ ಕಳುಹಿಸಿದ ವಯೊಲಿನ್ ಆರಂಭದಲ್ಲಿ ಸರಿಯಾಗಿದ್ದು, ಹಾಡು ಮುಗಿಯುವ ಹೊತ್ತಿಗೆ ತಾಳ ತಪ್ಪುತ್ತದೆ. ಏಕೆ?

ಉತ್ತರ: ಎರಡು ಉಪಕರಣಗಳ ಒಳಗಡಿಯಾರಗಳು ಒಂದೇ ವೇಗದಲ್ಲಿ ಓಡುವುದಿಲ್ಲ. ಹತ್ತು ಲಕ್ಷಕ್ಕೆ 50 ಭಾಗದಷ್ಟು ವ್ಯತ್ಯಾಸವಿದ್ದರೆ ನಿಮಿಷಕ್ಕೆ 3 ಮಿಲಿಸೆಕೆಂಡು, 5 ನಿಮಿಷಕ್ಕೆ 15 ಮಿಲಿಸೆಕೆಂಡು ಅಂತರ ಬೆಳೆಯುತ್ತದೆ. ಆರಂಭವನ್ನು ಹೊಂದಿಸಿ, ಆಲ್ಟ್ ಕೀಲಿ ಒತ್ತಿಹಿಡಿದು ಟ್ರ್ಯಾಕಿನ ಕೊನೆಯಂಚನ್ನು ಎಳೆದು ಅಂತ್ಯವನ್ನೂ ಹೊಂದಿಸಿ. ಶ್ರುತಿಯನ್ನು ಕಾಯ್ದಿಡುವ ಆಯ್ಕೆಯನ್ನು ಇಲ್ಲಿ ತೆಗೆದುಬಿಡುವುದೇ ಒಳ್ಳೆಯದು: ಇಷ್ಟು ಸಣ್ಣ ಬದಲಾವಣೆಯಿಂದ ಶ್ರುತಿ ಕದಲುವುದು ಒಂದು ಸ್ವರಸ್ಥಾನದ ನೂರನೇ ಒಂದು ಭಾಗವಾದ ಸೆಂಟ್‌ನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ, ನಾದವೂ ಶುದ್ಧವಾಗಿ ಉಳಿಯುತ್ತದೆ. ಆದರೆ ವಯೊಲಿನ್ ಸುಮಾರು ಒಂದೂವರೆ ಸ್ವರಸ್ಥಾನ ಮೇಲೋ ಕೆಳಗೋ ಕೇಳಿಸುತ್ತಿದ್ದರೆ ಕಾರಣ ಗಡಿಯಾರವಲ್ಲ. 44,100 ಮತ್ತು 48,000 ಹರ್ಟ್ಸ್ ದರಗಳು ಅದಲುಬದಲಾಗಿವೆ, ಕಡತವನ್ನು ಅದರ ನಿಜವಾದ ದರದಲ್ಲಿ ಮತ್ತೆ ತೆರೆಯಬೇಕು.