ಬ್ರಿಟನ್ನಿನಲ್ಲಿ 55ಕ್ಕೆ ಕೆಲಸ ಹೋಯಿತು; ಬೇಗ ನಿವೃತ್ತಿಯ ಯೋಚನೆಯೂ ಇದೆ. ಖಾಸಗಿ ಪೆನ್ಷನ್ ತಿಂಗಳಿಗಿಷ್ಟು ಅಂತ ತೆಗೆದುಕೊಳ್ಳುತ್ತಲೇ ನಿರುದ್ಯೋಗ ಭತ್ಯೆಗೂ ಅರ್ಜಿ ಹಾಕಬಹುದೇ?

ಹಾಕಬಹುದು. ಆದರೆ ಮೊದಲು ಖಾಸಗಿ ಪೆನ್ಷನ್ನಿನಿಂದ ತಿಂಗಳಿಗಿಷ್ಟು ಅಂತ ಶುರು ಮಾಡಿ ಆಮೇಲೆ ಜಾಬ್‌ಸೆಂಟರಿಗೆ (ಭತ್ಯೆ ನೋಡಿಕೊಳ್ಳುವ ಸರ್ಕಾರಿ ಉದ್ಯೋಗ ಕಚೇರಿಗೆ) ಹೋಗುತ್ತೇನೆ ಅಂದಿದ್ದೀರಲ್ಲ, ಅದು ಬೇಡ. ಹೋದ ವರ್ಷ 56ಕ್ಕೆ ರಿಡಂಡೆನ್ಸಿ, ಅಂದರೆ ಹುದ್ದೆಯೇ ರದ್ದಾಗಿ ಕೆಲಸ ಹೋಗುವುದು, ಆದಾಗ ನಾನು ಮಾಡಿದ್ದೂ ಅದನ್ನೇ.

ನ್ಯೂ ಸ್ಟೈಲ್ ಜಾಬ್‌ಸೀಕರ್ಸ್ ಅಲೋಯನ್ಸ್, ಅಂದರೆ ಜೆಎಸ್‌ಎ, 25 ದಾಟಿದವರಿಗೆ 2025–26ರಲ್ಲಿ ವಾರಕ್ಕೆ 92.05 ಪೌಂಡ್. ಹೆಚ್ಚೆಂದರೆ 182 ದಿನ. ಉಳಿತಾಯ, ಹೆಂಡತಿಯ ಸಂಬಳ ಯಾವುದನ್ನೂ ನೋಡುವುದಿಲ್ಲ. ನೋಡುವುದು ಪೆನ್ಷನ್ ಆದಾಯವನ್ನು. ವಾರಕ್ಕೆ 50 ಪೌಂಡ್ ತನಕ ವಿನಾಯಿತಿ; ಅದರಾಚೆ ಬಂದ ಒಂದೊಂದು ಪೌಂಡಿಗೂ ಭತ್ಯೆಯಲ್ಲಿ ಒಂದೊಂದು ಪೌಂಡ್ ಕಡಿತ, ಅದೂ ತೆರಿಗೆ ಮುರಿಯುವುದಕ್ಕೆ ಮುಂಚಿನ ಮೊತ್ತದ ಮೇಲೆ. ನಾನು ತಿಂಗಳಿಗೆ 600 ಪೌಂಡ್ ಬರುವ ಹಾಗೆ ಮಾಡಿಕೊಂಡಿದ್ದೆ. 600ನ್ನು 12ರಿಂದ ಗುಣಿಸಿ 52ರಿಂದ ಭಾಗಿಸಿ: ವಾರಕ್ಕೆ 138.46. ಅದರಲ್ಲಿ 50 ಬಿಟ್ಟರೆ 88.46 ಕಡಿತ. ಕೈಗೆ ಬಂದದ್ದು ವಾರಕ್ಕೆ 3.59 ಪೌಂಡ್! ಸೊನ್ನೆಯಲ್ಲ ಅನ್ನುವುದಷ್ಟೇ ಸಮಾಧಾನ. ಭತ್ಯೆ ಇಳಿಯಿತು ಅಂತ 182 ದಿನದ ಗಡಿಯಾರ ನಿಲ್ಲುವುದಿಲ್ಲ. 26 ವಾರಕ್ಕೆ ಸುಮಾರು 2,300 ಪೌಂಡ್ ಹೋಯಿತು.

ಅದೇ 600ನ್ನು ಬೇರೆ ದಾರಿಯಲ್ಲಿ ತರಬಹುದಿತ್ತು. ಪೆನ್ಷನ್ ಪಾಟಿನಲ್ಲಿ, ಅಂದರೆ ನಿಮ್ಮ ಹೆಸರಿನಲ್ಲಿ ಕೂಡಿದ ಪೆನ್ಷನ್ ನಿಧಿಯಲ್ಲಿ, 14,400 ಪೌಂಡಿನ ಭಾಗವನ್ನು ಮಾತ್ರ ತೆರೆದರೆ ಅದರ ಶೇ. 25, ಅಂದರೆ 3,600, ತೆರಿಗೆ ಇಲ್ಲದೆ ಒಂದೇ ಕಂತಿನಲ್ಲಿ ಕೈಗೆ ಬರುತ್ತದೆ. ಆರು ತಿಂಗಳಿಗೆ ಆರುನೂರರಂತೆ ಸರಿಹೋಯಿತು. ಉಳಿದ 10,800 ಡ್ರಾಡೌನ್ ಖಾತೆಗೆ (ಹಣ ಹೂಡಿಕೆಯಲ್ಲೇ ಇದ್ದು ಬೇಕಾದಾಗ ತೆಗೆಯುವ ಖಾತೆಗೆ) ಹೋಗುತ್ತದೆ, ಅದನ್ನು ಮುಟ್ಟಬಾರದು. ಒಂದೇ ಸಲ ತೆಗೆದ ಇಡಿಗಂಟನ್ನು ನ್ಯೂ ಸ್ಟೈಲ್ ಜೆಎಸ್‌ಎ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಂತಾಗಿ ಬರುವುದನ್ನು ಹಿಡಿಯುತ್ತದೆ. ಇದು ಆದಾಯ, ಉಳಿತಾಯ ನೋಡಿ ಕೊಡುವ ಇನ್ನೊಂದು ಭತ್ಯೆಯಾದ ಯೂನಿವರ್ಸಲ್ ಕ್ರೆಡಿಟ್‌ಗೆ ಅನ್ವಯಿಸುವುದಿಲ್ಲ, ಅಲ್ಲಿ ಇಡಿಗಂಟೂ ಬಂಡವಾಳವೇ. 6,000 ದಾಟಿದರೆ ಕಡಿತ, 16,000 ದಾಟಿದರೆ ಬಾಗಿಲು ಬಂದ್.

ಅದೇ ತಪ್ಪಿಗೆ ಇನ್ನೊಂದು ಬಾಲವಿದೆ. ಡ್ರಾಡೌನಿನಿಂದ ತೆರಿಗೆ ಬೀಳುವ ಹಣವನ್ನು ಒಂದು ಪೌಂಡ್ ತೆಗೆದರೂ, ಮುಂದೆ ಇಂಥ ಪೆನ್ಷನ್ ಪಾಟುಗಳಿಗೆ ತೆರಿಗೆ ರಿಯಾಯಿತಿಯೊಂದಿಗೆ ಹಾಕಬಹುದಾದ ವಾರ್ಷಿಕ ಮಿತಿ 60,000ದಿಂದ 10,000ಕ್ಕೆ ಕುಸಿಯುತ್ತದೆ. ಶಾಶ್ವತವಾಗಿ, ಹಿಂದಕ್ಕೆ ಕೊಟ್ಟು ಸರಿ ಮಾಡಿಕೊಳ್ಳಲು ಬರುವುದಿಲ್ಲ. ಬರೀ ಶೇ. 25ರ ಭಾಗ ತೆಗೆದರೆ ಈ ಮಿತಿ ಬೀಳುವುದಿಲ್ಲ. ಮತ್ತೆ ಒಳ್ಳೆಯ ಸಂಬಳದ ಕೆಲಸ ಸಿಕ್ಕಾಗಲೇ ಇದರ ಬಿಸಿ ತಟ್ಟುವುದು. ದೊಡ್ಡ ಮೊತ್ತವನ್ನು ಒಮ್ಮೆಲೇ ತೆಗೆದರಂತೂ ಪ್ರತಿ ತಿಂಗಳೂ ಅಷ್ಟೇ ಬರುತ್ತದೆ ಎಂಬಂತೆ ತುರ್ತು ಕೋಡಿನಲ್ಲಿ ತೆರಿಗೆ ಮುರಿಯುತ್ತಾರೆ. ಪಾಟಿನಲ್ಲಿ ಇನ್ನೂ ಹಣ ಉಳಿದಿದ್ದರೆ ಪಿ55 ಫಾರಂ ತುಂಬಿ ವಾಪಸ್ ಕೇಳಬೇಕು.

ಈಗ ನಿಮ್ಮ ‘ಬೇಗ ನಿವೃತ್ತಿ’ ಮಾತಿಗೆ ಬರೋಣ. ನಿವೃತ್ತರಿಗೆ ಜೆಎಸ್‌ಎ ಇಲ್ಲ. ಕೆಲಸಕ್ಕೆ ಸಿದ್ಧ, ಹುಡುಕುತ್ತಿದ್ದೇನೆ ಅಂತ ಒಪ್ಪಂದಕ್ಕೆ ಸಹಿ ಹಾಕಬೇಕು, ಹುಡುಕಿದ್ದಕ್ಕೆ ಪುರಾವೆ ತೋರಿಸಬೇಕು. ಹುಡುಕುವ ಮನಸ್ಸು ನಿಜಕ್ಕೂ ಇಲ್ಲದಿದ್ದರೆ ಅರ್ಜಿ ಹಾಕಲೇಬೇಡಿ. ಸುಳ್ಳು ಹೇಳಿ ತೆಗೆದುಕೊಳ್ಳುವ 92 ಪೌಂಡ್ ಅಲ್ಲ ಇದು. ಆ ಮನಸ್ಸು ಇದ್ದರೆ ಒಂದು ದಿನವೂ ತಡ ಮಾಡಬೇಡಿ. ಮೊದಲ 7 ದಿನಕ್ಕೆ ಹೇಗೂ ದುಡ್ಡಿಲ್ಲ, ನೋಟಿಸಿನ ಬದಲು ಹಣ ಕೊಟ್ಟಿದ್ದರೆ ಆ ಅವಧಿಗೂ ಇಲ್ಲ. ತಾವಾಗಿ ರಾಜೀನಾಮೆ ಕೊಟ್ಟವರಿಗೆ ಮೊದಲ ಸಲವೇ 13 ವಾರದ ತನಕ ತಡೆ ಬೀಳಬಹುದು. ಸ್ವಇಚ್ಛೆಯ ರಿಡಂಡೆನ್ಸಿಯನ್ನು ಹಾಗೆ ಎಣಿಸುವುದಿಲ್ಲ, ಆದ್ದರಿಂದ ಕಂಪನಿಯ ಪತ್ರದಲ್ಲಿ ‘ರಿಡಂಡೆನ್ಸಿ’ ಎಂಬ ಪದ ಇದೆಯೇ ನೋಡಿಕೊಳ್ಳಿ.

‘ಒಂದು ವರ್ಷ ಆರಾಮಾಗಿದ್ದು ಆಮೇಲೆ ನೋಡೋಣ’ ಅನ್ನುವವರಿಗೆ ಎನ್‌ಐ, ಅಂದರೆ ಸಂಬಳದಿಂದ ಮುರಿಯುವ ನ್ಯಾಷನಲ್ ಇನ್ಶೂರೆನ್ಸ್ ಕಂತಿನ, ಷರತ್ತು ಅಡ್ಡ ಬರುತ್ತದೆ. ಭತ್ಯೆಯ ವರ್ಷ ಶುರುವಾಗುವುದು ಜನವರಿಯ ಮೊದಲ ಭಾನುವಾರ. 2026ರಲ್ಲಿ ಅರ್ಜಿ ಹಾಕಿದರೆ ನೋಡುವುದು 2023–24 ಮತ್ತು 2024–25ರ ತೆರಿಗೆ ವರ್ಷಗಳಲ್ಲಿ ಕಟ್ಟಿದ ಎನ್‌ಐ. 2027ಕ್ಕೆ ಆ ಕಿಟಕಿ ಒಂದು ವರ್ಷ ಮುಂದೆ ಸರಿಯುತ್ತದೆ, ದುಡಿಯದ ಕಾಲ ಅದರೊಳಗೆ ಬೀಳಬಹುದು. ಸ್ವಂತ ಉದ್ಯೋಗದವರು ಕಟ್ಟುವ ಎನ್‌ಐ ಸಾಮಾನ್ಯವಾಗಿ ಇಲ್ಲಿ ನಡೆಯುವುದಿಲ್ಲ.

ಪೆನ್ಷನ್ ಜಾಸ್ತಿಯಾಗಿ ಭತ್ಯೆ ಸೊನ್ನೆಗೆ ಇಳಿದರೂ ಜಾಬ್‌ಸೆಂಟರಿನಲ್ಲಿ ಸಹಿ ಹಾಕುತ್ತಿದ್ದರೆ ಎನ್‌ಐ ಕ್ರೆಡಿಟ್ (ಕಟ್ಟದೆಯೇ ಕಟ್ಟಿದಂತೆ ಲೆಕ್ಕ) ಸಿಗುತ್ತದೆ. ನಡುವಯಸ್ಸಿನಲ್ಲಿ ಇಲ್ಲಿಗೆ ಬಂದು, ಸರ್ಕಾರ ಕೊಡುವ ಸ್ಟೇಟ್ ಪೆನ್ಷನ್ ಪೂರ್ತಿ ಸಿಗಲು ಎನ್‌ಐನ 35 ವರ್ಷ ಕೂಡಿಸುವುದು ಕಷ್ಟವಾದ ನಮ್ಮಂಥವರಿಗೆ ಇದು ಬೇಕು. ಸ್ವಂತ ಜೇಬಿನಿಂದ ಕಟ್ಟಿದರೆ 2025–26ರ ದರದಲ್ಲಿ ವಾರಕ್ಕೆ 17.75 ಪೌಂಡ್. ಆದರೆ ಕೆಲಸ ಹೋಗುವ ಮುಂಚೆಯೇ ಆ ತೆರಿಗೆ ವರ್ಷದಲ್ಲಿ 6,500 ಪೌಂಡ್ (2025–26ರ ಮಿತಿ) ದುಡಿದಿದ್ದರೆ ಆ ವರ್ಷ ಆಗಲೇ ತುಂಬಿದಂತೆ. ಕ್ರೆಡಿಟ್ ಕೆಲಸಕ್ಕೆ ಬರುವುದು ಏಪ್ರಿಲ್ 6ರಿಂದ ಶುರುವಾಗುವ ಮುಂದಿನ ವರ್ಷಕ್ಕೆ.

ಅರ್ಜಿ ಗವರ್ನಮೆಂಟ್ ವೆಬ್‌ಸೈಟಿನಲ್ಲೇ. ಎನ್‌ಐ ಸಂಖ್ಯೆ, ಬ್ಯಾಂಕ್ ವಿವರ, ಹಿಂದಿನ ಆರು ತಿಂಗಳ ಕೆಲಸದ ಮಾಹಿತಿ, ಪೆನ್ಷನ್ ಕಂಪನಿಯ ಪತ್ರ ಇಟ್ಟುಕೊಳ್ಳಿ. ಅದಕ್ಕೂ ಮುಂಚೆ ಪೆನ್ಷನ್ ವೈಸ್ ಎಂಬ ಸರ್ಕಾರಿ ಮಾರ್ಗದರ್ಶನ ಸೇವೆಯವರ ಜೊತೆ ಒಂದು ಅಪಾಯಿಂಟ್‌ಮೆಂಟ್ ಮಾಡಿಕೊಳ್ಳಿ. 50 ದಾಟಿದವರಿಗೆ ಉಚಿತ. ಇನ್ನು, ಕೆಲಸವಿಲ್ಲದ ಹೊತ್ತಿನಲ್ಲಿ ಎರಡು ತಿಂಗಳು ಬೆಂಗಳೂರಿಗೆ ಹೋಗಿಬರುವ ಯೋಚನೆ ಇದ್ದರೆ ಅದು ಈ 182 ದಿನದೊಳಗೆ ಬೇಡ. ವಿಮಾನ ಹತ್ತಿದ ಮೇಲೆ ನೀವು ಇಲ್ಲಿ ಕೆಲಸಕ್ಕೆ ಸಿಗುವವರಲ್ಲ, ಭತ್ಯೆ ನಿಲ್ಲುತ್ತದೆ.