ಪ್ರವಾಸಕ್ಕೆ ಯಾವ ಪವರ್ ಬ್ಯಾಂಕ್?

20000 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎನ್ನುವ ಅಳತೆ) ಪವರ್ ಬ್ಯಾಂಕ್ ತಗೊಳ್ಳಲಾ, ವಿಮಾನದಲ್ಲಿ ಬಿಡ್ತಾರಾ ಅಂತ ಕೇಳಿದ್ದೀರಿ. ಬಿಡ್ತಾರೆ. ಸಾಮಾನ್ಯವಾಗಿ ಮಿತಿ 100 ವ್ಯಾಟ್ ಅವರ್, ಅಂದರೆ ಬ್ಯಾಟರಿಯಲ್ಲಿರುವ ಒಟ್ಟು ಶಕ್ತಿಯ ಅಳತೆ. ಎಂಎಎಚ್ ಅನ್ನು ಒಳಗಿನ ಬ್ಯಾಟರಿಯ 3.7 ವೋಲ್ಟ್‌ನಿಂದ ಗುಣಿಸಿ 1000ದಿಂದ ಭಾಗಿಸಿದರೆ ನಿಮ್ಮದು 74 ಆಗುತ್ತದೆ. ಆದರೆ ಕೈಯಲ್ಲಿ ಒಯ್ಯುವ ಬ್ಯಾಗಿನಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ.

ನನ್ನ ಹತ್ತಿರ 10000, 20000 ಎರಡೂ ಇವೆ. ನಿಜ ಹೇಳಬೇಕೆಂದರೆ ದೊಡ್ಡದು ಸುಮ್ನೆ ಮನೆಯಲ್ಲೇ ಬಿದ್ದಿರುತ್ತದೆ. ಜೇಬಿಗೆ ಹಾಕಿದರೆ ಪ್ಯಾಂಟೇ ಜಗ್ಗುತ್ತದೆ! ಸಾಧಾರಣ ಚಾರ್ಜರ್‌ಗೆ ಹಾಕಿದರೆ ತುಂಬಲು ಇಡೀ ರಾತ್ರಿ ಬೇಕು. ಒಬ್ಬರೇ ಹೋಗೋದಾದರೆ ಚಿಕ್ಕದೇ ಸಾಕು.

ಇನ್ನೊಂದು, ಡಬ್ಬಿ ಮೇಲೆ ದಪ್ಪಗೆ ಬರೆದಿರುವಷ್ಟೂ ಫೋನಿಗೆ ಸಿಗಲ್ಲ. ವೋಲ್ಟೇಜ್ ಏರಿಸಿ ಕೊಡುವಾಗ ಕಡಿಮೆಯಾಗುತ್ತದೆ, ಸ್ವಲ್ಪ ಬಿಸಿಯಾಗಿಯೂ ಹೋಗುತ್ತದೆ. 10000ದ್ದು ಕೊಡೋದು ಸುಮಾರು 6000 ಮಾತ್ರ. ಹಿಂಬದಿಯ ಸಣ್ಣ ಅಕ್ಷರದಲ್ಲಿ ‘ರೇಟೆಡ್ ಕೆಪಾಸಿಟಿ’ ಅಂತ ಇರುತ್ತದೆ, ನಿಜಕ್ಕೂ ಹೊರಗೆ ಸಿಗುವುದು ಅಷ್ಟು, ಅದನ್ನು ನೋಡಿ ತಗೊಳ್ಳಿ.