ಅಮೋನಿಯಾ ಸೊನ್ನೆ ಬಂದರೂ ಸ್ವಲ್ಪ ತಡೆಯಿರಿ

ಉಪ್ಪುನೀರಿನ ಮೀನಿನ ಟ್ಯಾಂಕ್ ಇಟ್ಟು ಹದಿನೈದು ದಿನ, ಅಮೋನಿಯಾ (ಮೀನಿನ ತ್ಯಾಜ್ಯದಿಂದ ಬರುವ ವಿಷ) ಸೊನ್ನೆ, ನೈಟ್ರೈಟ್ 2 ಪಿಪಿಎಂ (ಹತ್ತು ಲಕ್ಷದಲ್ಲಿ 2 ಭಾಗ), ಕ್ಲೌನ್ ಮೀನು ಬಿಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ. ಅಮೋನಿಯಾ ತಿಂದು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ ಬೆಳೆದಿದೆ. ನೈಟ್ರೈಟನ್ನು ಕಡಿಮೆ ವಿಷದ ನೈಟ್ರೇಟ್ ಮಾಡುವ ಗುಂಪು ಇನ್ನೂ ಸಾಲದು, ಅದು ಬೆಳೆಯುವುದು ನಿಧಾನ. ಉಪ್ಪುನೀರಿನಲ್ಲಿ ನೈಟ್ರೈಟ್ ಸಿಹಿನೀರಿನಷ್ಟು ವಿಷವಲ್ಲ, ನಿಜ. ಆದರೆ ಟ್ಯಾಂಕ್ ಹದಕ್ಕೆ ಬಂದಿಲ್ಲ ಅನ್ನುವುದಕ್ಕೆ ಅದೇ ಗುರುತು, ಅಲ್ವಾ?

ನೈಟ್ರೈಟ್ ಇಳಿದ ಮೇಲೆ, ಪರೀಕ್ಷೆಗಾಗಿ ಬಾಟಲಿ ಅಮೋನಿಯಾವನ್ನು 2 ಪಿಪಿಎಂ ಆಗುವಷ್ಟು ಹಾಕಿ. 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ಅರ್ಧದಷ್ಟು ನೀರು ಬದಲಿಸಿ, ಒಂದೇ ಒಂದು ಮೀನು ಬಿಡಿ. ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಆವಿಯಾದಷ್ಟು ಆರ್‌ಒ ನೀರನ್ನೇ ತುಂಬಿ. ಉಪ್ಪು ಆವಿಯಾಗುವುದಿಲ್ಲ, ಉಪ್ಪುನೀರು ಹಾಕಿದರೆ ಜಾಸ್ತಿಯಾಗುತ್ತದೆ.